ಎಲುಬು ನೋಡುವವರು ಇನ್ನೂ ಬೇಕೇ?

'ಜೀವವಿಕಾಸಕ್ಕೆ ಡಿಎನ್‌ಎ ಸಾಕ್ಷಿ ಸಿಕ್ಕ ಮೇಲೂ ನೀವು ಎಲುಬು, ಪಳೆಯುಳಿಕೆ ಅಂತ ಪುಟ ತುಂಬಿಸುವುದೇಕೆ? ಅದೆಲ್ಲ ಅಜ್ಜನ ಕಾಲದ ವಿಜ್ಞಾನ' ಎಂದು ಓದುಗರೊಬ್ಬರು ಬರೆದಿದ್ದಾರೆ. ಪತ್ರ ಖಾರವಾಗಿದೆ, ಚೆನ್ನಾಗಿಯೂ ಇದೆ. ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಡಿಎನ್‌ಎಗೆ ಸಲ್ಲಬೇಕಾದ ಮರ್ಯಾದೆ ಮೊದಲು ಸಲ್ಲಲಿ. ತಿಮಿಂಗಿಲಕ್ಕೆ ಹತ್ತಿರದ ನೆಂಟ ನೀರಾನೆ ಎಂದು ಗಟ್ಟಿಯಾಗಿ ಹೇಳಿದ್ದು ಜೀನ್ ಓದುವವರೇ. ಎಲುಬಿನವರು ಆಗ ಸುಲಭಕ್ಕೆ ಒಪ್ಪಲಿಲ್ಲ.

ಆದರೆ ಅವರನ್ನು ಒಪ್ಪಿಸಿದ್ದು ಯಾವುದು ಗೊತ್ತಾ? ಒಂದು ಪುಟ್ಟ ಎಲುಬು! ಹಸು, ಹಂದಿ, ಒಂಟೆ, ನೀರಾನೆಗಳ ಹಿಂಗಾಲಿನ ಹರಡಿನಲ್ಲಿ ಅದಿದೆ. ಮೇಲೊಂದು, ಕೆಳಗೊಂದು ರಾಟೆ ಕೊರೆದ ಹಾಗಿರುತ್ತದೆ. ಬೇರೆ ಗುಂಪಿನ ಪ್ರಾಣಿಗಳಲ್ಲಿ ಈ ಜೋಡಿ ರಾಟೆ ಇಲ್ಲ. ಪಾಕಿಸ್ತಾನದಲ್ಲಿ ಸಿಕ್ಕ, ಇನ್ನೂ ಕಾಲಿದ್ದ ಹಳೆಯ ತಿಮಿಂಗಿಲಗಳಲ್ಲಿ ಅದೇ ಎಲುಬು ಕಂಡಿತು. 2001ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಇದನ್ನೇ ಪ್ರಕಟಿಸಿದವು.

ಇನ್ನೊಂದು ಕತೆ ಇನ್ನೂ ಸೊಗಸು. ಭೂವಿಜ್ಞಾನಿ ಎ. ರಂಗರಾವ್ ಜಮ್ಮು-ಕಾಶ್ಮೀರದ ಕಾಲಕೋಟ್ ಕಡೆ ಪಳೆಯುಳಿಕೆಯ ಕಲ್ಲುಗಳನ್ನು ಕೂಡಿಹಾಕಿದ್ದರು. ಅವರು ತೀರಿಕೊಂಡ ಮೇಲೆ ಆ ಕಲ್ಲುಗಳು ಅವರ ಪತ್ನಿಯ ಬಳಿ ಉಳಿದವು. ಅವರಿಂದ ಅವು ಥೆವಿಸನ್ ಎಂಬ ತಜ್ಞರ ಕೈಗೆ ಬಂದವು. ಕಲ್ಲು ಬಿಡಿಸುವಾಗ ಸಹಾಯಕರ ಕೈಯಲ್ಲಿ ಒಂದು ತಲೆಬುರುಡೆ ಮುರಿಯಿತು. ಒಳಗೆ ಕಂಡದ್ದು ಕಿವಿಯ ಎಲುಬಿನ ದಪ್ಪ ಗೋಡೆ. ಅಲ್ಲಿಯವರೆಗೆ ಅಂಥ ಗೋಡೆ ಗೊತ್ತಿದ್ದದ್ದು ತಿಮಿಂಗಿಲದ ಬಳಗದಲ್ಲಿ ಮಾತ್ರ. ಈ ಪ್ರಾಣಿಯೋ, ಬೆಕ್ಕಿನ ಗಾತ್ರದ್ದು, ಸಣಕಲು ಕಾಲಿನ ಇಂಡೊಹಿಯಸ್, ತಿಮಿಂಗಿಲದ ಹಳೆಯ ನೆಂಟ! 2007ರಲ್ಲಿ ಈ ಸುದ್ದಿ ಹೊರಬಂತು. ಕೈ ಜಾರದಿದ್ದರೆ ಏನಾಗುತ್ತಿತ್ತೋ.

ಇದರ ಡಿಎನ್‌ಎ ಎಲ್ಲಿಂದ ತರೋಣ, ಹೇಳಿ? ಈವರೆಗೆ ಸಿಕ್ಕ ಅತಿ ಹಳೆಯ ಡಿಎನ್‌ಎಗೆ ಸುಮಾರು 20 ಲಕ್ಷ ವರ್ಷ. ಇಂಡೊಹಿಯಸ್ ಬದುಕಿದ್ದು ಸುಮಾರು 4.8 ಕೋಟಿ ವರ್ಷದ ಹಿಂದೆ. ಯಾರು ಯಾರಿಗೆ ನೆಂಟರು ಅಂತ ಜೀನ್ ಹೇಳುತ್ತದೆ. ಆ ಹಳೆಯ ನೆಂಟ ಹೇಗಿದ್ದ, ನೀರಿಗಿಳಿಯುತ್ತಿದ್ದನೇ ಅನ್ನುವುದನ್ನು ಎಲುಬನ್ನೇ ಕೇಳಬೇಕು. ಇದರ ಕಾಲಿನ ಎಲುಬುಗಳು ನೀರಾನೆಯ ಎಲುಬಿನ ಹಾಗೆ ದಪ್ಪ ಗೋಡೆಯವು, ಭಾರದವು. ನೀರಿನಲ್ಲಿ ತೇಲಿಹೋಗದೆ ನಡೆಯಲು ಅದೇ ಬೇಕು.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಹೊಸ ಯಂತ್ರ ಅಂದ ಕೂಡಲೇ ದುಡ್ಡು ಹೊರಡುತ್ತದೆ. ಮುರಿದ ಚೂರು ನೋಡಿ 'ಇದು ಕಿವಿ' ಅನ್ನಬಲ್ಲ ಕಣ್ಣು ತಯಾರಾಗಲು ಎಷ್ಟೋ ವರ್ಷ ಬೇಕು, ಅದಕ್ಕೆ ಸಂಬಳ ಕೊಡುವವರು ಕಮ್ಮಿ. ಸಂಗ್ರಹಾಲಯಗಳ ಡ್ರಾಯರುಗಳಲ್ಲಿ ಹೆಸರಿಡದ ಕಲ್ಲುಗಳು ಸುಮ್ನೆ ಬಿದ್ದಿವೆ. ವಿದ್ಯಾರ್ಥಿಗಳೋ ಎಲುಬನ್ನು ಚಿತ್ರದಲ್ಲಿ ಮಾತ್ರ ನೋಡಿ ಪಾಸಾಗುತ್ತಾರೆ.

ಹೆಬ್ಬಾವಿನ ಬಾಲದ ಬುಡದಲ್ಲಿ ಉಗುರಿನಂಥ ಎರಡು ಮುಳ್ಳುಗಳಿವೆ, ಹಿಂಗಾಲಿನ ಉಳಿಕೆ. ಮುಂದಿನ ಸಂಚಿಕೆಯಲ್ಲಿ ಅದರ ಚಿತ್ರ ಹಾಕುತ್ತೇವೆ. ಅದನ್ನು ನೋಡಿದ ಮೇಲೂ ಬೈಯಬೇಕು ಅನಿಸಿದರೆ ಖಂಡಿತ ಬರೆಯಿರಿ.

– ಸಂಪಾದಕ