ಮಲ್ಲಯ್ಯನ ಹಾದಿ, ಅವ್ವನ ಕಾಲು

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಶಿಕ್ಷಕಿ. ತವರು ಹುನಗುಂದ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ತೀರಿಕೊಂಡಾಗ ನಾನು ಒಂದನೇ ಇಯತ್ತೆ, ಅಣ್ಣಂದಿರಿಬ್ಬರೂ ಸಣ್ಣವರು. ಅವ್ವ ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಟ್ಟು ಮೂವರನ್ನೂ ಓದಿಸಿದಳು. ಈಗ 66 ವರ್ಷ, ಇವತ್ತಿಗೂ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ವರ್ಷಾ ಯುಗಾದಿಗೆ ಊರವರು ಹೆಗಲ ಮೇಲೆ ಹೊತ್ತೊಯ್ಯುವ ದೇವರ ಕಂಬಿಯ ಜೊತೆ ಬರಿಗಾಲಲ್ಲಿ ಶ್ರೀಶೈಲದ ಮಲ್ಲಯ್ಯನ ಗುಡಿಗೆ ನಡೆಯುತ್ತಾಳೆ. ಅವಳಿಗೆ ಸಕ್ಕರೆ ಕಾಯಿಲೆ. ಹೋದ ಸಲ ಬಂದ ಮೇಲೆ ಅಂಗಾಲಲ್ಲಿ ಹುಣ್ಣಾಗಿ ಮಾಯಲು ತಿಂಗಳುಗಟ್ಟಲೆ ಹಿಡಿಯಿತು. ಈ ವರ್ಷ ಅಣ್ಣಂದಿರು ‘ಹೋಗಕೂಡದು’ ಅಂದಿದ್ದಾರೆ. ಸಮಾಧಾನಕ್ಕೆಂದು ಊರಲ್ಲಿ ಅವಳಿಗೊಂದು ಸತ್ಕಾರ ಇಟ್ಟುಕೊಂಡಿದ್ದಾರೆ. ಅವ್ವನದು ಒಂದೇ ಮಾತು: ‘ಮಲ್ಲಯ್ಯ ನೋಡ್ಕೋತಾನ.’ ನನಗೆ ದೇವರಲ್ಲಿ ಅಷ್ಟು ನಂಬಿಕೆಯಿಲ್ಲ. ತಡೆದರೆ ಅವಳ ಜೀವ ಕುಗ್ಗುತ್ತದೆ, ಬಿಟ್ಟರೆ ಕಾಲು ಹೋಗುತ್ತದೆ. ಏನು ಮಾಡಲಿ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಸೋದರಿ, ಮೊದಲು ಕಾಲಿನ ಮಾತು ಮುಗಿಸೋಣ. ಅದರಲ್ಲಿ ರಾಜಿಗೆ ಜಾಗವಿಲ್ಲ.

ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ನರಗಳು ಸೋಲುತ್ತವೆ. ಕಲ್ಲು ಚುಚ್ಚಿದ್ದು, ಡಾಂಬರು ಸುಟ್ಟದ್ದು, ಬೊಬ್ಬೆ ಒಡೆದದ್ದು ಯಾವುದೂ ಗೊತ್ತಾಗುವುದಿಲ್ಲ. ನೋವಿಲ್ಲವೆಂದು ನಡೆಯುತ್ತಲೇ ಹೋಗುತ್ತಾರೆ. ಭಕ್ತರಾದರೆ ನೋವಿಲ್ಲದ್ದೇ ದೇವರ ಕೃಪೆ ಎಂದುಕೊಳ್ಳುತ್ತಾರೆ. ಒಮ್ಮೆ ಹುಣ್ಣಾಗಿ ಮಾಯ್ದವರಲ್ಲಿ 100ಕ್ಕೆ ಸುಮಾರು 40 ಮಂದಿಗೆ ವರ್ಷದೊಳಗೆ ಮತ್ತೆ ಹುಣ್ಣಾಗುತ್ತದೆ. ಅಂಥ ಪಾದಕ್ಕೆ ಶ್ರೀಶೈಲದ ಮಾತಿರಲಿ, ಹಿತ್ತಲಿಗೂ ಬರಿಗಾಲು ಬೇಡ.

ಇದನ್ನು ನೀವು ಹೇಳಿದರೆ ಅವರು ಕೇಳಲಿಕ್ಕಿಲ್ಲ. ವೈದ್ಯರ ಬಳಿ ಕರೆದೊಯ್ಯಿರಿ. ಕಣ್ಣು ಮುಚ್ಚಿಸಿ, ಅಂಗಾಲಿನ ಅಲ್ಲಲ್ಲಿ ನೈಲಾನ್ ಎಳೆಯೊಂದನ್ನು ಒತ್ತಿ ‘ಈಗ ಗೊತ್ತಾಯ್ತಾ?’ ಎಂದು ಕೇಳುವ ಪರೀಕ್ಷೆಯಿದೆ. ಎರಡು ನಿಮಿಷದ ಕೆಲಸ. ಒತ್ತಿದ್ದು ತಿಳಿಯದೆ ‘ಇನ್ನೂ ಒತ್ತೇ ಇಲ್ಲಲ್ಲ?’ ಎಂದು ಅವರೇ ಕೇಳುವಂತಾದರೆ, ಮಕ್ಕಳ ಕೂಗಾಟ ಮಾಡದ ಕೆಲಸವನ್ನು ಆ ಎಳೆ ಮಾಡುತ್ತದೆ. ವೈದ್ಯರಿಗೆ ಮೊದಲೇ ಹೇಳಿಕೊಟ್ಟು ಹೆದರಿಸುವ ಉಪಾಯ ಮಾತ್ರ ಬೇಡ. ಗಂಡನಿಲ್ಲದೆ ಮೂವರನ್ನು ದಡ ಸೇರಿಸಿದ ಹೆಂಗಸು. ಯಾರು ಯಾವಾಗ ಸುಳ್ಳು ಹೇಳುತ್ತಿದ್ದಾರೆಂದು ಬಲ್ಲರು.

ಕಾಡಿನ ದಾರಿಯಂತೂ ಈ ಸಲ ಸಾಧ್ಯವಿಲ್ಲ. ಆತ್ಮಕೂರು ದಾಟಿ ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ ಅಂತ ನಲ್ಲಮಲದೊಳಗೆ ಹೋಗುವ ಹಾದಿ ಕಲ್ಲು, ಕಡಿದಾದ ಏರು, ಯುಗಾದಿಯ ಬಿಸಿಲು. ಅಲ್ಲಿ ಸಕ್ಕರೆ ಇಳಿದು ಕುಸಿದರೆ ಹೊತ್ತುಕೊಂಡೇ ಬರಬೇಕು.

ಇಷ್ಟರ ಮಟ್ಟಿಗೆ ಅಣ್ಣಂದಿರು ಹೇಳುವುದು ಸರಿ. ಇದರಿಂದಾಚೆಗೆ ಅವರ ಲೆಕ್ಕ ತಪ್ಪಿದೆ ಅನ್ನಿಸುತ್ತದೆ. ಪಾದಯಾತ್ರೆ ಎಂದರೆ ಅವರಿಗೆ ಬರೀ ನಡಿಗೆ. ನಿಮ್ಮವ್ವನ ವರ್ಷ ಹೇಗೆ ಕಳೆಯುತ್ತದೆ ನೋಡಿ. ಕೋಳಿ ಕೂಗುವ ಮೊದಲೇ ಎಸರಿಟ್ಟು, ಹಿಟ್ಟು ನಾದಿ, ಒಲೆಯ ಮುಂದೆ ಕೂತು ಬಡಿಯುವುದು. ಮಾಡುವುದು, ಬಡಿಸುವುದು, ಲೆಕ್ಕ ಕೇಳುವುದು. ಯುಗಾದಿಯ ಮುಂಚಿನ ಆ ಹತ್ತು ಹದಿನೈದು ದಿನ ಮಾತ್ರ ಎಲ್ಲ ತಿರುವುಮುರುವು. ದಾರಿಯುದ್ದಕ್ಕೂ ದಾಸೋಹದ ಟೆಂಟುಗಳು; ‘ಯವ್ವಾ, ಬಾ, ಉಂಡು ಹೋಗು’ ಎಂದು ಕೈಹಿಡಿದು ಕೂರಿಸುವ ಅಪರಿಚಿತರು. ಬಿಸಿನೀರು ಕೊಡುತ್ತಾರೆ, ಯಾರದೋ ಮನೆಯ ಹುಡುಗರು ಎಣ್ಣೆ ಹಚ್ಚಿ ಕಾಲು ಒತ್ತುತ್ತಾರೆ. ಜೀವಮಾನವಿಡೀ ಬಡಿಸಿದವರಿಗೆ ವರ್ಷಕ್ಕೊಮ್ಮೆ ಯಾರೋ ಬಡಿಸುತ್ತಾರೆ. ಮೇಲಾಗಿ, ಹೆಂಗಸೊಬ್ಬಳು ಮನೆ ಬಿಟ್ಟು ಹೊರಟರೆ ಊರು ಕಾರಣ ಕೇಳದ ದಾರಿಗಳು ನಮ್ಮಲ್ಲಿ ಕಡಿಮೆ. 12ನೇ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣದಿಂದ ಹೊರಟು ಸೇರಿದ್ದು ಇದೇ ಗಿರಿಯನ್ನು.

ಇನ್ನೊಂದು ಎಳೆಯೂ ಇದೆ. ನಿಮ್ಮ ಕಡೆಯ ಭಕ್ತರಿಗೆ ಶ್ರೀಶೈಲದ ದೇವಿ ಭ್ರಮರಾಂಬೆ ತಮ್ಮ ಮನೆಮಗಳು, ಮಲ್ಲಯ್ಯ ಅಳಿಯ. ಸೀರೆ, ಕುಪ್ಪಸದ ಖಣ, ಬಳೆ ಹೊತ್ತು ಹೋಗುವುದು ದೇವರಿಗೆ ಕಾಣಿಕೆಯೆಂದಲ್ಲ, ಮಗಳಿಗೆ ಉಡಿ ತುಂಬಲು. ಹೀಗಿರುವಾಗ ‘ಮಲ್ಲಯ್ಯ ನೋಡ್ಕೋತಾನ’ ಅನ್ನುವುದು ಬರೀ ಶರಣಾಗತಿಯಲ್ಲ, ಅತ್ತೆ ಅಳಿಯನ ಮೇಲೆ ಹೊರಿಸಿದ ಜವಾಬ್ದಾರಿ. ಇದರ ಎದುರು ನಿಮ್ಮ ನಂಬಿಕೆ, ಅಪನಂಬಿಕೆಯ ವಾದ ಹೂಡಬೇಡಿ. ನಂಬಿದಂತೆ ನಟಿಸುವುದೂ ಬೇಕಿಲ್ಲ. ‘ಅವ್ವಾ, ನಿನ್ನ ಮಲ್ಲಯ್ಯ ನನಗ ತಿಳಿಯಂಗಿಲ್ಲ, ನಿನ್ನ ಕಾಲು ತಿಳಿತೈತಿ. ಈ ಸಲ ಕಾಲು ಹೋದ್ರ ಮುಂದಿನ ಯುಗಾದಿಗೆ ಉಡಿ ತುಂಬಾಕ ಹೆಂಗ ಹೋಗ್ತಿ?’ ಎಂದು ಕೇಳಿ. ಅವರ ಲೆಕ್ಕದೊಳಗಿನ ಪ್ರಶ್ನೆಯಾದರೆ ಉತ್ತರ ಬರುತ್ತದೆ.

ಹಾಗೆಯೇ, ಊರಲ್ಲಿ ಕಂಬಿ ಹೊರುವ ಅಯ್ಯನವರನ್ನು ಹೋಗಿ ಕಾಣಿ. ಹುಣ್ಣಿನ ಕತೆ ಪೂರ್ತಿ ಹೇಳಿ. ಬರಿಗಾಲ ಹರಕೆಯನ್ನು ಸಡಿಲಿಸುವ ಮಾತು ಮಗಳ ಬಾಯಿಂದ ಬಂದರೆ ಅಪಚಾರ, ಅವರ ಬಾಯಿಂದ ಬಂದರೆ ಅಪ್ಪಣೆ. ವೈದ್ಯರು ಒಪ್ಪಿದರೆ ಮೆತ್ತನೆಯ, ಬೆರಳು ಮುಚ್ಚುವ ಪಾದರಕ್ಷೆ ಹಾಕಿಕೊಂಡು ಕಂಬಿಯ ಜೊತೆ ಊರ ಸೀಮೆಯವರೆಗೆ ನಡೆಯಲಿ. ಮುಂದೆ ಗಾಡಿಯಲ್ಲಿ ಹೋಗಿ ಕಾಡಿನ ಹಾದಿ ಶುರುವಾಗುವ ಮುಂಚಿನ ಯಾವುದಾದರೂ ದಾಸೋಹದಲ್ಲಿ ತಮ್ಮ ಊರಿನವರಿಗಾಗಿ ಕಾಯಲಿ. ಆದರೆ ಅಲ್ಲಿಯೂ ರೊಟ್ಟಿ ಬಡಿಯಲು ಕೂರಿಸುತ್ತಾರೆ, ಎಚ್ಚರ! ಕಂಬಿ ಕಾಡು ಹೊಕ್ಕ ಮೇಲೆ ಅವ್ವ ದೋರ್ನಾಲದ ಮೂಲಕ ಗಾಡಿ ಹೋಗುವ ರಸ್ತೆಯಲ್ಲಿ ಗುಡ್ಡ ಸೇರಿ, ಯುಗಾದಿಯ ದಿನ ತಮ್ಮ ಕೈಯಾರೆ ಉಡಿ ಸಾಮಾನು ಒಪ್ಪಿಸಲಿ. ಉಪವಾಸ ಹಿಡಿಯುವುದಿದ್ದರೆ ಮಾತ್ರೆಯ ಬಗ್ಗೆ ವೈದ್ಯರನ್ನು ಮೊದಲೇ ಕೇಳಿರಬೇಕು. ಇನ್ಸುಲಿನ್ ಇದ್ದರೆ ಬಿಸಿಲಿಗೆ ಕೆಡದಂತೆ ತಂಪಾಗಿಡಬೇಕು. ದಿನಾ ಸಂಜೆ ಬ್ಯಾಟರಿ ಹಿಡಿದು ಎರಡೂ ಅಂಗಾಲು, ಬೆರಳ ಸಂದು ನೋಡುವ ಒಬ್ಬರು ಜೊತೆಯಲ್ಲಿರಲೇಬೇಕು.

ಯಾರು ಆ ಒಬ್ಬರು? ಮಾರ್ಚ್ ಪರೀಕ್ಷೆಯ ಕಾಲ, ನಿಮಗೆ ರಜೆ ಕಷ್ಟ. ಅಣ್ಣಂದಿರಲ್ಲಿ ಒಬ್ಬರು ಹೋಗಲಿ. ‘ಹೋಗಕೂಡದು’ ಅನ್ನಲು ಒಂದು ನಿಮಿಷ ಸಾಕು. ಜೊತೆಗೆ ಹೋಗಲು ರಜೆ ಹಾಕಬೇಕಾಗುತ್ತದೆ.

ಸತ್ಕಾರದ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಶಾಲು, ಹಣ್ಣಿನ ಬುಟ್ಟಿ, ‘ಆದರ್ಶ ಮಾತೆ’ ಎಂಬ ಫ್ಲೆಕ್ಸು, ಅವರು ಪಟ್ಟ ಕಷ್ಟದ ಮೇಲೆ ನಾಲ್ಕು ಭಾಷಣ. ತಾಯಂದಿರನ್ನು ಗಟ್ಟಿಗಿತ್ತಿ ಎಂದು ಹೊಗಳುವುದು ನಮಗೆ ಬಲು ಸಲೀಸು. ಆ ಗಟ್ಟಿತನ ಇನ್ನೂ ಯಾಕೆ ಬೇಕಾಗಿದೆ ಎಂದು ಕೇಳುವುದಿಲ್ಲ. ಮೂವರು ಮಕ್ಕಳು ದುಡಿಯುತ್ತಿದ್ದಾರೆ, 66ರ ಅವ್ವ ಒಲೆಯ ಮುಂದಿದ್ದಾರೆ. ಹಣದ ಅಡಚಣೆಯೋ, ಮಕ್ಕಳ ಮುಂದೆ ಕೈಚಾಚಬಾರದೆಂಬ ಹಟವೋ, ಆ ಕೆಲಸದ ಮೇಲಿನ ಪ್ರೀತಿಯೋ? ನಿಮ್ಮ ಪತ್ರದಲ್ಲಿ ಅದಿಲ್ಲ. ನೀವು ಕೇಳಿಲ್ಲವೆಂದೇ ನನ್ನ ಊಹೆ. ಪ್ರೀತಿಯಾದರೆ ಬಿಡಿಸಬೇಡಿ. ಬಡಿಯಲು ಒಬ್ಬಾಕೆಯನ್ನು ಇಟ್ಟುಕೊಡಿ, ಕೂತು ಎದ್ದು ಮಾಡುವ ಬದಲು ಎತ್ತರದ ಕಟ್ಟೆಯ ಮೇಲೆ ಗ್ಯಾಸ್ ಒಲೆ ಹಾಕಿಸಿ, ವ್ಯಾಪಾರ ಅವರ ಕೈಯಲ್ಲೇ ಇರಲಿ. ಪೆಂಡಾಲಿನ ದುಡ್ಡಿನಲ್ಲಿ ಇದೆಲ್ಲ ಆಗುತ್ತದೆ.

ಇಷ್ಟಾದರೂ ‘ನಾ ನಡದs ಹೋಗಾಕಿ’ ಅಂದರೆ? ಬುದ್ಧಿ ನೆಟ್ಟಗಿರುವ ಹಿರಿಯರನ್ನು ಕೋಣೆಯಲ್ಲಿ ಕೂಡಿಹಾಕಲಾಗದು, ಕೂಡಿಹಾಕಲೂಬಾರದು. ಅಪಾಯವೇನೆಂದು ಮುಚ್ಚುಮರೆಯಿಲ್ಲದೆ ಹೇಳಿ, ಕಾಡಿನ ತುಂಡನ್ನಾದರೂ ಬಿಡುವಂತೆ ಅಯ್ಯನವರ ಮೂಲಕ ಅವರಿಂದ ಮಾತು ತೆಗೆದುಕೊಂಡು, ಹಿಂದೆ ಗಾಡಿಯೊಂದನ್ನು ಕಳಿಸಿ. ಅವರೇ ಕೈಮಾಡಿ ನಿಲ್ಲಿಸಿ ಹತ್ತುವ ದಿನ ಬಂದೀತು, ಬರದೆಯೂ ಇದ್ದೀತು.

ಅಣ್ಣಂದಿರಿಗೆ ಸತ್ಕಾರ ಮಾಡಿಯೇ ತೀರಬೇಕೆಂದಿದ್ದರೆ ಯುಗಾದಿ ಕಳೆದು, ಕಂಬಿ ಊರಿಗೆ ಮರಳಿದ ಮೇಲೆ ಮಾಡಲಿ. ಅಡುಗೆಗೆ ಹೊರಗಿನವರನ್ನು ಕರೆಸಲು ಮರೆಯಬೇಡಿ ಅಂತ ಹೇಳಿ. ಇಲ್ಲವಾದರೆ ತಮ್ಮ ಸತ್ಕಾರಕ್ಕೆ ಬಂದವರ ರೊಟ್ಟಿಯನ್ನೂ ನಿಮ್ಮವ್ವನೇ ನಸುಕಿನಲ್ಲೆದ್ದು ಬಡಿಯುತ್ತಾರೆ.