ಗಡಿಯಾರ ಬಿಡಿ, ಬಿಸಿಲು ನೋಡಿ: ಹ್ಯಾವಲೀನಾ ಬೇಟೆಯ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಸರ್, ನಾನು ಅಮೆರಿಕದ ಅರಿಜೋನಾ ರಾಜ್ಯದ ಚಾಂಡ್ಲರ್‌ನಲ್ಲಿದ್ದೇನೆ, ಊರು ಶಿರಸಿ ಕಡೆ. ಜನವರಿಯ ಬಿಲ್ಲಿನ ಸೀಸನ್‌ಗೆ ಹ್ಯಾವಲೀನಾ (ಇಲ್ಲಿನ ಹಂದಿಯಂಥ ಕಾಡುಪ್ರಾಣಿ) ಟ್ಯಾಗ್, ಅಂದರೆ ಬೇಟೆಯ ಪರವಾನಗಿ, ಸಿಕ್ಕಿತ್ತು. ನವೆಂಬರ್ ಮೊದಲಲ್ಲಿ ಜಾಗ ನೋಡಲು ಹೋದಾಗ ಬೆಳಕು ಹರಿಯುವಾಗಲೇ ಒಂದು ಹಿಂಡು ಒಣ ಹಳ್ಳದ ದಂಡೆಯಲ್ಲಿ ಮೇಯುತ್ತಿತ್ತು. ಜನವರಿಯಲ್ಲಿ ಅದೇ ಜಾಗಕ್ಕೆ ಅದೇ ಹೊತ್ತಿಗೆ ಹೋಗಿ ಕೂತರೆ ಒಂದೂ ಇಲ್ಲ. ಚಳಿ ತಡೆಯಲಾಗದೆ ಎಂಟೂವರೆಗೆ ಎದ್ದು ಬಂದೆ. ಹಿಂಡು ಜಾಗ ಬಿಟ್ಟು ಹೋಯಿತಾ?

ಉತ್ತರ: ಹೋಗಿರುವ ಸಾಧ್ಯತೆ ಬಹಳ ಕಡಿಮೆ. ಹ್ಯಾವಲೀನಾ ಹಿಂಡು ತನ್ನದೇ ಒಂದು ಸರಹದ್ದು ಹಿಡಿದು ವರ್ಷವಿಡೀ ಅದರೊಳಗೇ ಸುತ್ತುತ್ತದೆ. ಬದಲಾಗಿದ್ದು ಜಾಗವಲ್ಲ, ಹೊತ್ತು. ನೀವು ಎದ್ದು ಹೊರಟ ಹೊತ್ತಿಗೆ ಅವು ಇನ್ನೂ ಮಲಗಿದ್ದಿರಬೇಕು.

ನೋಡಲು ಹಂದಿಯ ಹಾಗೆ ಇದ್ದರೂ ಇದು ಹಂದಿಯಲ್ಲ, ಪೆಕರಿ ಅನ್ನುವ ಬೇರೆಯೇ ಕುಟುಂಬ. ದೊಡ್ಡದು ಸುಮಾರು 16ರಿಂದ 27 ಕಿಲೋ ತೂಗುತ್ತದೆ. ಮೈಮೇಲೆ ಬಿರುಸಾದ ಕೂದಲು ಇದೆ, ಆದರೆ ಅದರಡಿ ಬಿಸಿ ಹಿಡಿದಿಡುವ ದಟ್ಟ ತುಪ್ಪಟ ಇಲ್ಲ. ಸೊನೊರನ್ ಮರುಭೂಮಿಯಲ್ಲಿ ಜನವರಿಯ ರಾತ್ರಿ ಎಷ್ಟೋ ಸಲ ಸೊನ್ನೆ ಡಿಗ್ರಿಯ ಹತ್ತಿರ ಇಳಿಯುತ್ತದೆ ಅಲ್ವಾ, ಆಗ ಇಡೀ ಹಿಂಡು ಪೊದೆಯಡಿಯಲ್ಲೋ ಬಂಡೆಯ ಸಂದಿಯಲ್ಲೋ ಒಂದಕ್ಕೊಂದು ಮೈ ಒತ್ತಿಕೊಂಡು ಮಲಗುತ್ತದೆ, ಬಿಸಿಲು ಬಂದು ತಾಗುವವರೆಗೆ ಏಳುವುದಿಲ್ಲ. ಬೇಸಿಗೆಯಲ್ಲಿ ಪೂರ್ತಿ ಉಲ್ಟಾ. 40 ಡಿಗ್ರಿ ದಾಟಿದ ದಿನಗಳಲ್ಲಿ ಹಗಲೆಲ್ಲ ನೆರಳಲ್ಲಿ ಬಿದ್ದಿದ್ದು ರಾತ್ರಿ ಮೇಯುತ್ತವೆ. ನೀವು ನವೆಂಬರ್ ಮೊದಲಲ್ಲಿ ಕಂಡಿದ್ದು ಇವೆರಡರ ನಡುವಿನ ಕಾಲ. ಮುಂಜಾನೆ ಇನ್ನೂ ಹಿತವಾಗಿರುತ್ತದೆ, ಮಧ್ಯಾಹ್ನ ಸುಡುತ್ತದೆ, ಹಾಗಾಗಿ ಅವು ಬೇಗ ಎದ್ದು ಮೇಯುತ್ತವೆ.

ಹಾಗಾಗಿ ಜನವರಿಯಲ್ಲಿ ಹಳ್ಳದ ತಳದಲ್ಲಿ ಕೂರಬೇಡಿ. ಚಳಿಗಾಳಿ ಇಳಿದು ನಿಲ್ಲುವುದೇ ಅಲ್ಲಿ. ದಕ್ಷಿಣಕ್ಕೋ ಪೂರ್ವಕ್ಕೋ ಮುಖ ಮಾಡಿದ ಇಳಿಜಾರು ಎದುರಿಗೆ ಕಾಣುವ ಹಾಗೆ ಆಚೆ ಗುಡ್ಡದ ಮೇಲೆ ಕೂತುಕೊಳ್ಳಿ, ಬೈನಾಕ್ಯುಲರ್ ಅನ್ನು ಟ್ರೈಪಾಡ್ ಮೇಲೆ ಇಟ್ಟು ಬಿಸಿಲಿನ ಗೆರೆ ಕೆಳಗಿಳಿದ ಹಾಗೆ ಅದರ ಹಿಂದೆಯೇ ನೋಡುತ್ತಾ ಹೋಗಿ. ಪಾಪಾಸುಕಳ್ಳಿ ಜಾಸ್ತಿ ಇರುವ ಕಡೆ ನಿಧಾನ ಮಾಡಿ. ಕಳ್ಳಿಯ ಎಲೆಯನ್ನು ಕಚ್ಚಿ ಎಳೆದು ನಾರು ನಾರಾಗಿ ಬಿಟ್ಟಿದ್ದರೆ, ಅದರ ಕೆಳಗೆ ನೆಲ ಕೆದಕಿದ್ದರೆ, ಹಿಂಡು ಅಲ್ಲೇ ಸುತ್ತುತ್ತಿದೆ ಅಂತ ಅರ್ಥ. ಕಚ್ಚಿದ ಜಾಗ ಇನ್ನೂ ಹಸಿಯಾಗಿದ್ದರೆ ಅವತ್ತಿನದ್ದೇ. ಆ ಕಳ್ಳಿಯಲ್ಲಿ ಮೇವೂ ಇದೆ, ನೀರೂ ಇದೆ, ಅದಕ್ಕೇ ಚಳಿಗಾಲದಲ್ಲಿ ನೀರಿನ ಹೊಂಡದ ಹತ್ತಿರ ಕಾಯುವುದರಲ್ಲಿ ನನಗೆ ನಂಬಿಕೆ ಇಲ್ಲ. (ನೆರಳಿಗೆ ಅವು ಹುಡುಕುವ ಮೆಸ್ಕೀಟ್ ಮರ ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಅದರ ಕಾಯಿ ಬಿದ್ದಾಗ ಅದನ್ನೂ ತಿನ್ನುತ್ತವೆ.)

ಇನ್ನೊಂದು ವಿಷಯ, ಜನವರಿ ಪೂರ್ತಿ ಒಂದೇ ತರ ಇರುವುದಿಲ್ಲ. ಮೋಡ ಮುಚ್ಚಿ ತಣ್ಣಗಿರುವ ದಿನ ಅವು ನಡು ಹಗಲಲ್ಲೂ ಮೇಯಬಹುದು, ಆಗ ಊಟಕ್ಕೆ ಅಂತ ಗಾಡಿಗೆ ವಾಪಸ್ ಹೋಗಬೇಡಿ. ನಡುವೆ ಒಂದು ವಾರ ಸೆಕೆ ಬಂದು ಮಧ್ಯಾಹ್ನ 25 ಡಿಗ್ರಿ ಮುಟ್ಟಿತು ಅಂದುಕೊಳ್ಳಿ, ಹಿಂಡು ಮತ್ತೆ ನವೆಂಬರ್‌ನ ರೂಢಿಗೆ ಬರುತ್ತದೆ: ಬೆಳಗ್ಗೆ ಬೇಗ, ಸಂಜೆ ತಡ, ನಡುವೆ ನೆರಳು. ಹಿಂದಿನ ರಾತ್ರಿಯ ತಾಪಮಾನ ನೋಡಿಕೊಂಡು ಮರುದಿನ ಎಲ್ಲಿ, ಎಷ್ಟು ಹೊತ್ತು ಕೂರಬೇಕು ಅಂತ ತೀರ್ಮಾನ ಮಾಡಿ.

ಗಾಳಿಯ ಲೆಕ್ಕವೂ ಇದರ ಜೊತೆಗೇ ಬದಲಾಗುತ್ತದೆ. ಬಿಸಿಲು ಬೀಳುವ ಮೊದಲು ತಣ್ಣನೆಯ ಗಾಳಿ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ, ನೆಲ ಕಾದ ಮೇಲೆ ಮೇಲಕ್ಕೆ ಏರುತ್ತದೆ. ಹಿಂಡು ತಡವಾಗಿ ಎದ್ದಿದ್ದರೆ ನೀವು ಹತ್ತಿರ ಹೋಗುವಷ್ಟರಲ್ಲಿ ಗಾಳಿ ತಿರುಗಿರುತ್ತದೆ. ಆಗ ಸುತ್ತು ಬಳಸಿ ಮೇಲಿನಿಂದ ಇಳಿಯಿರಿ, ಇಲ್ಲವೇ ಅಡ್ಡಗಾಳಿ ಹಿಡಿದು ಬದಿಯಿಂದ ಹೋಗಿ. ಅವುಗಳ ಕಣ್ಣು ಮಂದ, ನೀವು ಅಲುಗಾಡದೆ ನಿಂತರೆ ಎದುರಿಗಿದ್ದರೂ ಎಷ್ಟೋ ಸಲ ಗುರುತು ಸಿಗುವುದಿಲ್ಲ. ಮೂಗು ಮಾತ್ರ ಬಹಳ ಚುರುಕು. ಒಂದು ಸಲ ವಾಸನೆ ಸಿಕ್ಕಿತೋ, ಮುಗಿಯಿತು.

ಪ್ರಶ್ನೆ: ಟೂಸಾನ್‌ನ ಗುಡ್ಡದ ಬುಡದಲ್ಲಿ ನಮ್ಮ ಮನೆ. ಚಳಿಗಾಲದಲ್ಲೂ ನಡುರಾತ್ರಿ ಅಂಗಳಕ್ಕೆ ಬರುತ್ತವೆ. ನೀವು ಹೇಳುವುದಕ್ಕೂ ಇದಕ್ಕೂ ತಾಳೆ ಆಗುತ್ತಿಲ್ಲವಲ್ಲ?

ಉತ್ತರ: ಊರಿನ ಅಂಚಿನ ಹಿಂಡುಗಳ ದಿನಚರಿಯೇ ಬೇರೆ. ಹಗಲಲ್ಲಿ ಜನ, ನಾಯಿ, ಕಾರು. ರಾತ್ರಿ ಕಸದ ಡಬ್ಬಿ, ಹಕ್ಕಿಗೆ ಹಾಕಿದ ಕಾಳು, ನೀರು ಹಾಕಿ ಬೆಳೆಸಿದ ಹೂಗಿಡ. ಇಷ್ಟೆಲ್ಲ ಸುಲಭವಾಗಿ ಸಿಕ್ಕರೆ ಚಳಿಯಲ್ಲೂ ಬರುತ್ತವೆ. 2023ರ ಅಕ್ಟೋಬರ್‌ನಲ್ಲಿ ಸೆಡೋನಾದ ಗಾಲ್ಫ್ ಮೈದಾನದ ಹುಲ್ಲನ್ನು ಅವು ಕಿತ್ತು ಹಾಕಿದ ವಿಡಿಯೋ ನೀವೂ ನೋಡಿರಬಹುದು, ಮಣ್ಣಿನ ಹುಳು ಹುಡುಕಿಕೊಂಡು ಬಂದಿದ್ದವು. ಅಂಗಳದಲ್ಲಿ ಕಂಡಿದ್ದನ್ನು ನೋಡಿ ಗುಡ್ಡದ ಬೇಟೆಯ ಹೊತ್ತು ಗೊತ್ತು ಮಾಡಬೇಡಿ. ದಯವಿಟ್ಟು ಅವಕ್ಕೆ ಏನನ್ನೂ ಹಾಕಲೂ ಬೇಡಿ. ಪೀಮಾ, ಪಿನಾಲ್, ಮ್ಯಾರಿಕೋಪಾ ಕೌಂಟಿಗಳಲ್ಲಿ ಅದು ಕಾನೂನಿಗೆ ವಿರುದ್ಧ, ಮೇಲಾಗಿ ಜನರ ಹೆದರಿಕೆ ಬಿಟ್ಟ ಹಿಂಡನ್ನು ಕೊನೆಗೆ ಕೊಲ್ಲಬೇಕಾಗಿಯೂ ಬರಬಹುದು. ನನಗೆ ಅದು ತುಂಬಾ ನೋವಿನ ವಿಷಯ.

ಪ್ರಶ್ನೆ: ಟ್ರೇಲ್ ಕ್ಯಾಮೆರಾ (ಪ್ರಾಣಿ ಹಾದುಹೋದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ) ಕಟ್ಟಿ ಅವುಗಳ ಸಮಯ ತಿಳಿದುಕೊಳ್ಳಬಹುದಾ? ಮತ್ತೆ, ಬಾಣ ಎಷ್ಟು ದೂರದಿಂದ ಬಿಡಬೇಕು?

ಉತ್ತರ: ಅರಿಜೋನಾದಲ್ಲಿ 2022ರ ಜನವರಿ 1ರಿಂದ ಬೇಟೆಗೆ ಟ್ರೇಲ್ ಕ್ಯಾಮೆರಾ ಬಳಸುವಂತಿಲ್ಲ. ಮೇವು ಹಾಕಿ ಕರೆಯುವುದಂತೂ ಮೊದಲೇ ಇಲ್ಲ. ಕಾಲು ಸವೆಸಿ ಕಣ್ಣಲ್ಲೇ ನೋಡಬೇಕು, ಅದೇ ಸರಿ ಅಂತ ನನ್ನ ಅಭಿಪ್ರಾಯ.

ದೂರದ ವಿಷಯಕ್ಕೆ ಬಂದರೆ, 30 ಗಜದ ಒಳಗೆ. 20 ಆದರೆ ಇನ್ನೂ ಒಳ್ಳೆಯದು. ಬಿರುಗೂದಲು ನಿಮಿರಿದಾಗ ಮೈ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಹಾಗಾಗಿ ಹೊಸಬರ ಬಾಣ ಬೆನ್ನ ಮೇಲೆ ಹಾದು ಹೋಗುತ್ತದೆ. ಹೃದಯ, ಶ್ವಾಸಕೋಶ ಇರುವುದು ಕೆಳಗೆ, ಮುಂದೆ, ಮುಂಗಾಲಿನ ಹಿಂದೆಯೇ. ಪ್ರಾಣಿ ಪೂರ್ತಿ ಅಡ್ಡ ನಿಲ್ಲುವವರೆಗೆ ಕಾಯಿರಿ. ಕಾಯುವಾಗ ಇನ್ನೊಂದು ಕೆಲಸ ಮಾಡಿ: ಹಿಂಡಿನಲ್ಲಿ ಕೆಂಪು ಮರಿಗಳಿವೆಯಾ, ಯಾವುದರ ಹಿಂದೆ ಹೋಗುತ್ತಿವೆ ಅಂತ ನೋಡಿ. ಅವು ವರ್ಷದಲ್ಲಿ ಯಾವಾಗ ಬೇಕಾದರೂ ಮರಿ ಹಾಕುತ್ತವೆ, ಗಂಡು ಹೆಣ್ಣು ದೂರದಿಂದ ಒಂದೇ ತರ ಕಾಣುತ್ತವೆ. ಯಾವುದರ ಹಿಂದೆ ಮರಿ ಹೋಗುತ್ತಿದೆಯೋ ಆ ತಾಯಿಯನ್ನು ಬಿಟ್ಟುಬಿಡಿ. ಇಷ್ಟು ಹತ್ತಿರ ಹೋದ ಮೇಲೆ ಅದು ಗೊತ್ತಾಗಲಿಲ್ಲ ಅಂತ ಹೇಳಲು ಬರುವುದಿಲ್ಲ.

ಬಾಣ ಬಿಟ್ಟ ಮೇಲೆ ಹಿಂಡು ಹಲ್ಲು ಕಟಕಟಿಸುತ್ತಾ ದಿಕ್ಕಾಪಾಲಾಗಿ ಓಡುತ್ತದೆ. ಒಂದೆರಡು ನಿಮ್ಮ ಕಡೆಗೇ ಬರಬಹುದು, ಸಾಮಾನ್ಯವಾಗಿ ಅದು ದಾಳಿಯಲ್ಲ, ನೀವು ಅವಕ್ಕೆ ಕಂಡಿರುವುದಿಲ್ಲ. ದಾರಿ ಬಿಟ್ಟು ನಿಲ್ಲಿ. ಸೊಂಟದ ಮೇಲೆ ಚರ್ಮಕ್ಕೆ ಅಂಟಿಕೊಂಡೇ ಒಂದು ವಾಸನೆಯ ಗ್ರಂಥಿ ಇದೆ, ಚರ್ಮ ಸುಲಿದಾಗ ಅದರ ಜೊತೆಗೇ ಬರುತ್ತದೆ. ಅದನ್ನು ಕೊಯ್ಯಲು ಹೋಗಬೇಡಿ, ಚರ್ಮ ಮುಟ್ಟಿದ ಕೈಯಲ್ಲಿ ಮಾಂಸ ಮುಟ್ಟಬೇಡಿ. ಮಾಂಸ ನಾರುತ್ತದೆ ಅಂತ ದೂರುವವರಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲೇ.