ಬೇಸಿಗೆ ಪ್ರಶ್ನೋತ್ತರ: ಮೊದಲು ತಾರಸಿ, ಆಮೇಲೆ ಕೂಲರ್

ಪ್ರಶ್ನೆ: ನಮ್ಮದು ಆರ್‌ಸಿಸಿ ಮನೆಯ ಮೇಲಿನ ಮಹಡಿ. ಮಧ್ಯಾಹ್ನ ಹೇಗೋ ತಡೆದುಕೊಳ್ಳಬಹುದು, ರಾತ್ರಿ ಹತ್ತಾದರೂ ಮಲಗುವ ಕೋಣೆ ಕಾವಲಿಯಂತೆ ಕಾದಿರುತ್ತದೆ. ಹೊರಗೆ ಬಂದರೆ ತಣ್ಣಗಿರುತ್ತದೆ! ತಾರಸಿಗೆ ಸುಣ್ಣ ಬಳಿದರೆ ಸಾಕಾ, ದುಬಾರಿ ಪೇಂಟೇ ಬೇಕಾ?
– ಗೃಹಿಣಿ, ನಿಟುವಳ್ಳಿ, ದಾವಣಗೆರೆ

ಉತ್ತರ: ಸುಣ್ಣ ಸಾಕು, ಸರಿಯಾಗಿ ಬಳಿದರೆ. ಏಪ್ರಿಲ್ ಕೊನೆಯ ವಾರದಲ್ಲಿ ನಮ್ಮ ಭಾಗಕ್ಕೆ ಮಧ್ಯಾಹ್ನದ ಸೂರ್ಯ ನೆತ್ತಿಗೆ ನೇರ ಬರುತ್ತಾನೆ. ಹಾಗಾಗಿ ಮನೆಯಲ್ಲಿ ಅತಿ ಹೆಚ್ಚು ಬಿಸಿಲು ತಿನ್ನುವುದು ತಾರಸಿ, ಗೋಡೆಯಲ್ಲ. ನಾಲ್ಕೈದು ಅಂಗುಲದ ಸ್ಲ್ಯಾಬ್ ಹಗಲೆಲ್ಲ ಕುಡಿದ ಬಿಸಿ ಕೆಳಗಿಳಿಯಲು ಗಂಟೆಗಟ್ಟಲೆ ಬೇಕು. ನಿಮ್ಮ ಕೋಣೆ ರಾತ್ರಿ ಹತ್ತಕ್ಕೆ ಕಾದಿರುವುದು ಅದಕ್ಕೇ. ಬರಿ ಸಿಮೆಂಟು ಬಿಸಿಲಿನಲ್ಲಿ ಮೂರನೇ ಒಂದು ಭಾಗದಷ್ಟನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. ಹೊಸ ಸುಣ್ಣ ಮುಕ್ಕಾಲು ಭಾಗದಷ್ಟನ್ನು ಕಳಿಸುತ್ತದೆ.

600 ಚದರ ಅಡಿ ತಾರಸಿಗೆ ಎರಡು ಕೋಟ್ ಹೊಡೆಯಲು ಸುಮಾರು 15 ಕೆ.ಜಿ. ಪ್ಯಾಕೆಟ್ ಸುಣ್ಣದ ಪುಡಿ, 40 ಲೀಟರ್ ನೀರು, ಒಂದು ಕೆ.ಜಿ. ಫೆವಿಕಾಲ್ ಬೇಕು. ಸುಣ್ಣವನ್ನು ಹಿಂದಿನ ದಿನವೇ ನೆನೆಹಾಕಿ, ಮರುದಿನ ತೆಳು ಬಟ್ಟೆಯಲ್ಲಿ ಸೋಸಿ. ಫೆವಿಕಾಲನ್ನು ಬೇರೆ ಬಕೆಟ್‌ನಲ್ಲಿ ಬಿಸಿನೀರಿಗೆ ಕರಗಿಸಿ ಆಮೇಲೆ ಬೆರೆಸಿ. ನೇರ ಸುರಿದರೆ ಗಂಟುಗಟ್ಟುತ್ತದೆ. ತಾರಸಿಯ ಪಾಚಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ತೊಳೆದು, ನೆಲ ಇನ್ನೂ ತೇವವಾಗಿರುವಾಗಲೇ ಮೊದಲ ಕೋಟ್ ಹೊಡೆಯಿರಿ. ಎರಡನೆಯದನ್ನು ಮರುದಿನ ಅಡ್ಡ ದಿಕ್ಕಿನಲ್ಲಿ ಹೊಡೆಯಿರಿ.

ಸುಣ್ಣ ನಿಲ್ಲಲಿಲ್ಲ, ಕಾಲಿಗೆ ಪುಡಿ ಹತ್ತಿತು ಎನ್ನುವವರು ಬಹುತೇಕ ಮಟಮಟ ಮಧ್ಯಾಹ್ನ ಬಳಿದವರು. ಸುಣ್ಣ ಗಟ್ಟಿಯಾಗಲು ಗಾಳಿಯ ಜೊತೆ ತೇವವೂ ಬೇಕು. ಕಾದ ನೆಲ ಆ ತೇವವನ್ನು ನಿಮಿಷದಲ್ಲಿ ಹೀರಿದರೆ ಉಳಿಯುವುದು ಬರೀ ಪುಡಿ. ಸಂಜೆ ಐದರ ಮೇಲೆ ಬಳಿಯಿರಿ, ಮರುದಿನ ಬೆಳಿಗ್ಗೆ ನೀರು ಚಿಮುಕಿಸಿ. ಕೆಲವರು ಅಂಟಲಿ ಎಂದು ಉಪ್ಪು ಹಾಕಿಸುತ್ತಾರೆ. ಖಂಡಿತ ಬೇಡ, ಸ್ಲ್ಯಾಬಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಮರೆಯಬೇಡಿ. ಸುಣ್ಣದ ಹನಿ ಕಣ್ಣಿಗೆ ಬಿದ್ದರೆ ತಕ್ಷಣ ಹದಿನೈದು ಇಪ್ಪತ್ತು ನಿಮಿಷ ನೀರಲ್ಲಿ ತೊಳೆದು ವೈದ್ಯರ ಬಳಿ ಹೋಗಬೇಕು. ಮಳೆನೀರು ಸಂಪಿಗೆ ಇಳಿಯುವ ಪೈಪ್ ಇದ್ದರೆ ಮೊದಲ ಎರಡು ಮಳೆ ಮುಗಿಯುವವರೆಗೆ ತಿರುಗಿಸಿಡಿ.

ಶಿವರಾತ್ರಿ ಮುಗಿಯುತ್ತಿದ್ದಂತೆ ಬಳಿದರೆ ಇಡೀ ಬೇಸಿಗೆಗೆ ಉಪಯೋಗ. ಅಶ್ವಿನಿ, ಭರಣಿ ಮಳೆಗೆ ಸ್ವಲ್ಪ ತೊಳೆದುಹೋಗುತ್ತದೆ, ಮುಂದಿನ ವರ್ಷ ಮತ್ತೆ ಬಳಿಯಬೇಕು. ಆ ಕೆಲಸ ಬೇಡವೆನ್ನುವವರಿಗೆ ಮಾತ್ರ ಪೇಂಟ್. ಕೊಳ್ಳುವಾಗ ಡಬ್ಬಿಯ ಮೇಲೆ ಎಸ್‌ಆರ್‌ಐ, ಅಂದರೆ ಬಿಸಿಲಿಗೆ ಮೇಲ್ಮೈ ಎಷ್ಟು ಕಡಿಮೆ ಕಾಯುತ್ತದೆ ಎಂದು ಹೇಳುವ ಅಂಕಿ ನೋಡಿ. 100ರ ಆಸುಪಾಸು ಅಥವಾ ಮೇಲಿರಲಿ. ಆ ಅಂಕಿಯೇ ಇಲ್ಲದ ಬಿಳಿ ಪೇಂಟಿಗೆ ಹೆಚ್ಚು ದುಡ್ಡು ಕೊಡುವುದು ದಂಡ. ಸುಣ್ಣವಾಗಲಿ ಪೇಂಟಾಗಲಿ, ಮೇಲೆ ಧೂಳು ಕೂತರೆ ಗುಣ ಇಳಿಯುತ್ತದೆ. ಆಗಾಗ ಗುಡಿಸಿ.

ಪ್ರಶ್ನೆ: ಹೋದ ವರ್ಷ ಕೂಲರ್ ತಂದೆವು. ಮೊದಲ ಅರ್ಧ ಗಂಟೆ ಚೆನ್ನಾಗಿರುತ್ತದೆ, ಆಮೇಲೆ ಮೈಯೆಲ್ಲ ಅಂಟಂಟು. ಪ್ಯಾಡ್ ಮೇಲೆ ಬಿಳಿ ಹೊಪ್ಪಳೆ ಬೇರೆ. ಮಾಲು ಕಳಪೆಯೇ?
– ನಿವೃತ್ತ ಶಿಕ್ಷಕರು, ಹಿರಿಯೂರು

ಉತ್ತರ: ಮಾಲಿನ ತಪ್ಪಲ್ಲ, ಇಟ್ಟ ಜಾಗದ ತಪ್ಪು. ನೀವು ಬಾಗಿಲು ಕಿಟಕಿ ಮುಚ್ಚಿ ಕೂಲರನ್ನು ಕೋಣೆಯೊಳಗೆ ಇಟ್ಟಿದ್ದೀರಿ ಅನಿಸುತ್ತದೆ. ಏಸಿಗೆ ಕೋಣೆ ಮುಚ್ಚಿರಬೇಕು, ಕೂಲರಿಗೆ ತೆರೆದಿರಬೇಕು. ಮುಚ್ಚಿದರೆ ಅದೇ ತೇವದ ಗಾಳಿ ಮತ್ತೆ ಮತ್ತೆ ಪ್ಯಾಡ್ ಹೊಕ್ಕು, ನೀರು ಆರುವುದೇ ನಿಂತುಹೋಗುತ್ತದೆ. ಕೂಲರ್ ತಂಪು ಮಾಡುವುದು ನೀರು ಆರುವುದರಿಂದಲೇ ಹೊರತು ನೀರು ತಣ್ಣಗಿರುವುದರಿಂದಲ್ಲ. ಟ್ಯಾಂಕಿಗೆ ಐಸ್ ಹಾಕುವುದರಿಂದ ದೊಡ್ಡ ಲಾಭವಿಲ್ಲ.

ಅದರ ಹಿಂಭಾಗ ಹೊರಗಿನ ಗಾಳಿ ಎಳೆಯುವಂತೆ ಕಿಟಕಿಗೆ ಕೂರಿಸಿ, ಆದಷ್ಟು ನೆರಳಿನ ಕಡೆ. ಎದುರಿನ ಕಿಟಕಿಯನ್ನು ಒಂದೂವರೆ ಚದರ ಅಡಿಯಷ್ಟು ತೆರೆದಿಡಿ. ಆ ಸಂದಿಗೆ ಹಾಳೆ ಹಿಡಿದರೆ ಅದು ಹೊರಗೆ ಬಾಗಬೇಕು. ಬಾಗದಿದ್ದರೆ ಇನ್ನೂ ತೆರೆಯಿರಿ. 10×12 ಅಡಿ ಕೋಣೆಗೆ ಗಂಟೆಗೆ 1,000 ಘನ ಮೀಟರ್ ಗಾಳಿ ಕೊಡುವ ಕೂಲರ್ ಸಾಕು.

ಏಪ್ರಿಲ್‌ನ ಒಣ ಮಧ್ಯಾಹ್ನ ಹೊರಗೆ 38 ಡಿಗ್ರಿ, ತೇವಾಂಶ ಶೇ 25 ಇದ್ದರೆ ಸಾಧಾರಣ ಕೂಲರಿನಿಂದ 27–28 ಡಿಗ್ರಿಯ ಗಾಳಿ ಬರುತ್ತದೆ. ಜೂನ್‌ನಲ್ಲಿ ಮೋಡ ಕವಿದು ತೇವ ಏರಿದ ಮೇಲೆ ಪಂಪ್ ಬಂದ್ ಮಾಡಿ ಬರೀ ಫ್ಯಾನ್ ಓಡಿಸಿ.

ಬಿಳಿ ಹೊಪ್ಪಳೆ ಬೋರ್‌ವೆಲ್ಲಿನ ಗಡಸು ನೀರಿನದು. ನೀರು ಆರುತ್ತದೆ, ಲವಣ ಟ್ಯಾಂಕಿನಲ್ಲೇ ಉಳಿಯುತ್ತದೆ. ನೀವು ಮೇಲೆ ಮೇಲೆ ತುಂಬಿಸಿದಷ್ಟೂ ಅದು ಗಟ್ಟಿಯಾಗುತ್ತ ಹೋಗುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಕೆಳಗಿನ ಬಿರಡೆ ತೆಗೆದು ಪೂರ್ತಿ ಖಾಲಿ ಮಾಡಿ. ಆ ನೀರನ್ನು ಬಚ್ಚಲಿಗೆ, ನೆಲ ಒರೆಸಲು ಬಳಸಿ, ಗಿಡಕ್ಕೆ ಬೇಡ. ಕಟ್ಟಿಕೊಂಡ ಪ್ಯಾಡ್ ಜೇನುಗೂಡಿನ ಮಾದರಿಯದಾದರೆ ಐದು ಲೀಟರ್ ನೀರಿಗೆ 100 ಗ್ರಾಂ ನಿಂಬೆಉಪ್ಪು ಕರಗಿಸಿ ಅರ್ಧ ಗಂಟೆ ನೆನೆಸಿ, ಮೃದು ಬ್ರಷ್‌ನಿಂದ ತೊಳೆಯಿರಿ. ಹುಲ್ಲಿನ ಪ್ಯಾಡ್ ಆದರೆ ಪ್ರತಿ ವರ್ಷ ಬದಲಿಸುವುದೇ ಸರಿ. ವಾರ ನೀರು ನಿಂತರೆ ಡೆಂಗಿ ಸೊಳ್ಳೆಗೂ ಅದೇ ತೊಟ್ಟಿಲು. ತಗಡಿನ ಬಾಡಿಯ ಕೂಲರಾದರೆ ಅರ್ತಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟೇ ಆಗಬೇಕು. ನೀರು ಹಾಕುವ ಮುಂಚೆ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು.

ಪ್ರಶ್ನೆ: ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆ. ಬೇಸಿಗೆಯಲ್ಲಿ ತಂಪು, ಮಳೆಗಾಲದಲ್ಲಿ ಸೋರುತ್ತದೆ. ಮಾಳಿಗೆ ತೆಗೆಸಿ ಶೀಟ್ ಹಾಕಿಸೋಣ ಅಂತ ಮಕ್ಕಳ ಹಟ.
– ರೈತರು, ಚಳ್ಳಕೆರೆ ತಾಲ್ಲೂಕು

ಉತ್ತರ: ತೆಗೆಸುವ ಮುಂಚೆ ತೊಲೆಗಳ ತುದಿ, ಅಂದರೆ ಗೋಡೆಯೊಳಗೆ ಹೋಗುವ ಜಾಗವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಕಾಲು ಅಂಗುಲವೂ ಇಳಿಯದಿದ್ದರೆ ಮರ ಗಟ್ಟಿಯಿದೆ, ಮಾಳಿಗೆ ಉಳಿಸಬಹುದು. ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಅಥವಾ ಗೆದ್ದಲ ಮಣ್ಣು ಉದುರಿದರೆ ಅದರ ಕೆಳಗೆ ಮಲಗಬೇಡಿ.

ಉಳಿಸುವುದಾದರೆ ಮಳೆಗಾಲಕ್ಕೆ ಮುಂಚೆ ಮೇಲಿನ ಹುಲ್ಲನ್ನು ಬೇರುಸಹಿತ ಕೀಳಿಸಿ, ಸಡಿಲವಾದ ಹಳೆ ಮಣ್ಣನ್ನು ಎರಡು ಅಂಗುಲ ಕೆರೆಸಿ, ಅಷ್ಟೇ ದಪ್ಪ ಕರಲು (ಚೌಳು) ಮಣ್ಣು ಹಾಕಿ ಬಡಿಸಿ. ಕರಲು ಮಣ್ಣು ಮೊದಲ ಮಳೆಗೇ ಕರಗಿ ಸಂದು ಮುಚ್ಚಿಕೊಳ್ಳುತ್ತದೆ. ನೀರು ದೋಣಿಯ, ಅಂದರೆ ಮಾಳಿಗೆಯ ನೀರು ಹೊರಬೀಳುವ ಹರಣಿಯ ಕಡೆ ಹರಿಯುವಂತೆ ಇಳಿಜಾರಿರಲಿ. ಕೆರೆಯದೆ ವರ್ಷಾ ವರ್ಷ ಮೇಲೆ ಮೇಲೆ ಹಾಕುವುದೇ ಈ ಮನೆಗಳು ಬೀಳಲು ದೊಡ್ಡ ಕಾರಣ: 10×12 ಅಡಿಯ ಅಂಕಣಕ್ಕೆ ಒಂದು ಅಂಗುಲ ಮಣ್ಣು ಹೆಚ್ಚಿದರೂ ಸುಮಾರು ಅರ್ಧ ಟನ್ ಭಾರ ಏರುತ್ತದೆ, ನೆಂದಾಗ ಇನ್ನೂ ಹೆಚ್ಚು. ಮೇಲೆ ಸಿಮೆಂಟ್ ಗಾರೆ ಹಾಕಿಸಬೇಡಿ. ಬಿರುಕಿನಿಂದ ಒಳಸೇರಿದ ನೀರು ಮೇಲೆ ಆರಲಾಗದೆ ಜಂತಿಯನ್ನು ಕೊಳೆಸುತ್ತದೆ.

ಶೀಟೇ ಬೇಕೆಂದರೆ ಮಾಳಿಗೆಯನ್ನು ಬಿಟ್ಟು, ಅದರ ಮೇಲೆ ಎರಡು ಅಡಿ ಅಂತರ ಕೊಟ್ಟು, ನಾಲ್ಕೂ ಕಡೆ ಗಾಳಿಯಾಡುವಂತೆ ಹಾಕಿಸಿ. ಕಂಬಗಳು ಗೋಡೆಯ ಆಚೆ ನೆಲದಿಂದಲೇ ಏಳಲಿ, ಭಾರ ಮಾಳಿಗೆಗೆ ಬೀಳಬಾರದು. ಸೋರುವುದೂ ನಿಲ್ಲುತ್ತದೆ, ತಂಪೂ ಹೋಗುವುದಿಲ್ಲ. ಶೀಟನ್ನು ಹಿಡಿದಿಡುವ ಜೆ ಹುಕ್ಕುಗಳನ್ನು ಬಿಗಿಯಾಗಿ ಹಾಕಿಸಿ, ನಿಮ್ಮ ಕಡೆಯ ಗಾಳಿ ನಿಮಗೇ ಗೊತ್ತು.

ಪ್ರಶ್ನೆ: ಬಾಡಿಗೆ ಮನೆ, ಓನರ್ ಏನೂ ಬಳಿಯಲು ಬಿಡುವುದಿಲ್ಲ. ಹಳೆ ಸೀಲಿಂಗ್ ಫ್ಯಾನ್ ಐದರಲ್ಲಿಟ್ಟರೂ ತೆವಳುತ್ತದೆ. ಏನು ಮಾಡಲಿ?
– ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ

ಉತ್ತರ: ಫ್ಯಾನ್ ತೆವಳುವುದಕ್ಕೆ ಹತ್ತರಲ್ಲಿ ಎಂಟು ಸಲ ಕಪಾಸಿಟರ್ ಕಾರಣ. ಹಳೆಯದರ ಮೇಲೆ ಬರೆದಿರುವ ಅಂಕಿಯದನ್ನೇ, ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್, ತನ್ನಿ. ಜೋರಾಗಿ ತಿರುಗಲಿ ಎಂದು ದೊಡ್ಡದನ್ನು ಹಾಕಿದರೆ ವೈಂಡಿಂಗ್ ಸುಡುತ್ತದೆ. ಎಂಸಿಬಿ ಇಳಿಸಿ ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿ. ಬರೀ ಸಂಜೆ ಹೊತ್ತು ಮಾತ್ರ ನಿಧಾನವಾದರೆ ಅದು ವೋಲ್ಟೇಜ್ ಕಥೆ.

ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿ ಮುಚ್ಚಿ, ಸಂಜೆ ಹೊರಗೆ ತಂಪಾದ ಮೇಲೆ ಎಲ್ಲವನ್ನೂ ತೆರೆಯಿರಿ. ಪಡುವಣ ಕಿಟಕಿಗೆ ಬಿದಿರಿನ ಪರದೆಯನ್ನು ಹೊರಗೆ ಇಳಿಬಿಡಿ. ಒಳಗಿನ ಕರ್ಟನ್ ತಡೆಯುವ ಹೊತ್ತಿಗೆ ಬಿಸಿಲು ಗಾಜು ದಾಟಿ ಕೋಣೆ ಸೇರಿರುತ್ತದೆ. ತೆಂಕಣ ಕಿಟಕಿಗೆ ಖರ್ಚು ಬೇಡ, ಮೇ ತಿಂಗಳಲ್ಲಿ ಅತ್ತ ಕಡೆಯಿಂದ ನೇರ ಬಿಸಿಲು ಬರುವುದೇ ಇಲ್ಲ.